ಬಾಗಿಲ ಬಳಿ ನಿಂತವರು



ಲೂಕನ ಶುಭಸಂದೇಶದ ಆ ವಿಧವೆಯನ್ನು ನೀವು ಬಲ್ಲಿರಿ. ನ್ಯಾಯಾಧಿಪತಿಯ ಬಳಿ ಹೋಗಲು ಆಕೆಗೆ ಹಣಬಲವಿರಲಿಲ್ಲ, ಶಿಫಾರಸು ಮಾಡುವವರಿರಲಿಲ್ಲ. ಇದ್ದುದು ಬಿಡದೆ ಮೊರೆಯಿಡುವ ಛಲವೊಂದೇ. ಅಮೆರಿಕದ ಸೆನೆಟ್ ಸಮಿತಿಯೊಂದರ ಮುಂದೆ ನಡೆದ ಘಟನೆ ಆಕೆಯನ್ನು ನೆನಪಿಗೆ ತರುತ್ತದೆ.

2024ರ ಜನವರಿ 31ರಂದು ಆ ಸಮಿತಿಯ ವಿಚಾರಣೆಯಲ್ಲಿ ಅನೇಕ ತಂದೆತಾಯಿಗಳು ತಮ್ಮ ಮಕ್ಕಳ ಭಾವಚಿತ್ರಗಳನ್ನು ಹಿಡಿದು ಕುಳಿತಿದ್ದರು. ಸಾಮಾಜಿಕ ಜಾಲತಾಣಗಳ ಕಿರುಕುಳ, ಶೋಷಣೆಗಳು ತಮ್ಮ ಮಕ್ಕಳನ್ನು ಬಲಿ ತೆಗೆದುಕೊಂಡವು ಎಂಬುದು ಅವರಲ್ಲಿ ಹಲವರ ಅಳಲು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆತನದ ಮೆಟಾ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಎದ್ದು ಅವರತ್ತ ತಿರುಗಿ ವಿಷಾದ ವ್ಯಕ್ತಪಡಿಸಿದರು.

ಅದೇ ವರ್ಷ ಮೆಟಾ ಅಮೆರಿಕದ ಕೇಂದ್ರ ಸರ್ಕಾರದ ಬಳಿ ಲಾಬಿ ನಡೆಸಲು, ಅಂದರೆ ಕಾನೂನು ಮಾಡುವವರ ಮನವೊಲಿಸಲು, 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ವ್ಯಯಿಸಿತು. ಕಂಪನಿಯ ಆ ವರ್ಷದ ವರಮಾನದ ಪ್ರತಿ 10,000 ಡಾಲರಿನಲ್ಲಿ ಇದು ಸುಮಾರು ಒಂದೂವರೆ ಡಾಲರ್ ಮಾತ್ರ. ಮಕ್ಕಳ ಜಾಲತಾಣ ಸುರಕ್ಷತಾ ಮಸೂದೆ 2024ರ ಜುಲೈನಲ್ಲಿ ಸೆನೆಟ್‌ನಲ್ಲಿ 91–3 ಮತಗಳಿಂದ ಅಂಗೀಕಾರವಾಯಿತು. ಪ್ರತಿನಿಧಿ ಸಭೆಯಲ್ಲಿ ಮತಕ್ಕೇ ಬಾರದೆ ಆ ಸಂಸತ್ತಿನ ಅವಧಿಯೊಂದಿಗೆ ಬಿದ್ದುಹೋಯಿತು. ಹಣವೊಂದೇ ಅದನ್ನು ತಡೆಯಿತೆನ್ನುವುದು ನ್ಯಾಯವಲ್ಲ. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾದೀತೆಂದು ಪ್ರಾಮಾಣಿಕವಾಗಿ ವಿರೋಧಿಸಿದವರೂ ಇದ್ದರು.

ಲಾಬಿ ಲಂಚವಲ್ಲ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು 1791ರಲ್ಲಿ ಸಂವಿಧಾನಕ್ಕೆ ಸೇರಿದ ಮೊದಲ ತಿದ್ದುಪಡಿಯೇ ನೀಡಿದೆ. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ವಲಸಿಗರ, ಬಡವರ ಪರವಾಗಿ ಅದೇ ಬಾಗಿಲಿಗೆ ಹೋಗುತ್ತದೆ. ಆದ್ದರಿಂದ ದೋಷವಿರುವುದು ಬಾಗಿಲು ತಟ್ಟುವುದರಲ್ಲಲ್ಲ. ಒಬ್ಬರಿಗೆ ವರ್ಷವಿಡೀ ತೆರೆದಿರುವ ಬಾಗಿಲು ಇನ್ನೊಬ್ಬರಿಗೆ ವಿಚಾರಣೆಯ ಒಂದು ದಿನ ಮಾತ್ರ ತೆರೆಯುವುದರಲ್ಲಿ.

1995ರ ಕಾನೂನಿನಂತೆ ಲಾಬಿಯ ಖರ್ಚು ಬಹಿರಂಗವಾಗಬೇಕು. ಈಗ ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಇದು ಮೆಚ್ಚಬೇಕಾದ ವ್ಯವಸ್ಥೆ. ಆದರೆ ಯಾವ ಸದಸ್ಯರನ್ನು ಕಂಡರು, ಮಸೂದೆಯ ಪರವಾಗಿ ಮಾತನಾಡಿದರೋ ವಿರುದ್ಧವಾಗಿಯೋ ಎಂಬುದನ್ನು ಆ ವರದಿ ಹೇಳಬೇಕಿಲ್ಲ. ಹಣದ ಲೆಕ್ಕ ಸಿಗುತ್ತದೆ, ಆಡಿದ ಮಾತಿನ ಲೆಕ್ಕ ಸಿಗದು.

ಇದು ದೂರದ ದೇಶದ ಸಂಗತಿಯೆಂದು ಕಡೆಗಣಿಸದಿರಿ. ಅದೇ ಕಂಪನಿಯ ಜಾಲತಾಣಗಳು ನಮ್ಮ ಮಕ್ಕಳ ಕೈಯಲ್ಲೂ ಇವೆ. ನಮ್ಮ ದೇಶದಲ್ಲಾದರೋ ಲಾಬಿಯ ಖರ್ಚನ್ನು ಬಹಿರಂಗಪಡಿಸಬೇಕೆಂಬ ಪ್ರತ್ಯೇಕ ಕಾನೂನೇ ಇಲ್ಲ. ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಆ ಫೋನಿನಲ್ಲಿ ಏನನ್ನು ಕಾಣುತ್ತಿದ್ದಾರೆಂದು ಪ್ರೀತಿಯಿಂದ ವಿಚಾರಿಸಿರಿ. ಮತ ಕೇಳಲು ಬಂದವರನ್ನು, ಮಕ್ಕಳ ರಕ್ಷಣೆಗೆ ಏನು ಮಾಡುವಿರೆಂದು ಕೇಳಿರಿ. ಉತ್ತರ ಬಾರದಿದ್ದರೆ ಮತ್ತೆ ಕೇಳಿರಿ. ಆ ವಿಧವೆ ಮಾಡಿದ್ದೂ ಅಷ್ಟೇ.