ಕೂಸಿನ ಬೇನೆ, ತಾಯಿಯ ನೋಟ

ಸಿಡುಬು, ಗಂಟಲಮಾರಿ, ನಾಯಿಕೆಮ್ಮು, ವಾಂತಿಭೇದಿ ಮೊದಲಾದ ಬೇನೆಗಳು ತೊಟ್ಟಿಲುಗಳನ್ನು ಬರಿದುಮಾಡದ ಊರು ಒಂದು ಕಾಲಕ್ಕೆ ಕನ್ನಡನಾಡಿನಲ್ಲಿರಲಿಲ್ಲ. ಹೀಗಿದ್ದೂ ಹಳೆಯ ಕಾವ್ಯಗಳಲ್ಲಿ ಬೇನೆಬಿದ್ದ ಕೂಸು ಕಾಣಸಿಗುವದು ಅಪರೂಪ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ಹಾವು ಕಚ್ಚಿ ಸಾಯುವನೇ ಹೊರತು ಹಾಸಿಗೆ ಹಿಡಿದು ನರಳುವದಿಲ್ಲ. ಚಂದ್ರಮತಿಯ ಪ್ರಲಾಪವು ಕಲ್ಲೆದೆಯನ್ನೂ ಕರಗಿಸುವಂಥದು, ನಿಜ. ಆದರೆ ಸುಡುಗಾಡಿನಲ್ಲಿ ತೆರೆ ಕೇಳುತ್ತ ನಿಂತ ತಂದೆಗೆ ಆತುಕೊಳ್ಳಲು ಸತ್ಯವ್ರತವೆಂಬುದೊಂದಿದೆ. ಕೊನೆಗೆ ಶಿವಕೃಪೆಯಿಂದ ಮಗನು ಎದ್ದು ಕೂಡ್ರುವನೆಂಬ ಭರವಸೆ ವಾಚಕರಿಗೂ ಇದೆ.

ವ್ರತವೂ ಇಲ್ಲದ, ಭರವಸೆಯೂ ಇಲ್ಲದ ತಂದೆಯೊಬ್ಬನನ್ನು ಕನ್ನಡಕ್ಕೆ ಕೊಟ್ಟವರು ಧಾರವಾಡದ ದ. ರಾ. ಬೇಂದ್ರೆಯವರು (೧೮೯೬–೧೯೮೧). ಅವರ 'ನೀ ಹೀಂಗ ನೋಡಬ್ಯಾಡ ನನ್ನ' ಎಂಬ ಕವಿತೆಯು ಕವಿದಂಪತಿಗಳ ಸಂತಾನಶೋಕದಿಂದ ಹುಟ್ಟಿದ್ದೆಂಬುದು ಪ್ರಸಿದ್ಧವೇ ಇದೆ. ಹೆಸರು ಕೇಳಿದವರಿಗೆ ಇದು ಶೃಂಗಾರದ ಹಾಡೆಂದು ತೋರುವದು ಸಹಜ. ನಲ್ಲನು ನಲ್ಲೆಗೆ ಹೇಳುವ ಮಾತಿನ ಧಾಟಿಯೇ ಅಲ್ಲಿದೆ. ಮುಂದೆ ಒಂದೆರಡು ಸಾಲು ನಡೆಯುವದರೊಳಗೆ ಮನೆಯಲ್ಲಿ ಕೂಸೊಂದು ಮಲಗಿರುವದೂ ಅದರ ಪಾಡು ಮನುಷ್ಯರ ಕೈಮೀರಿರುವದೂ ತಿಳಿದು ವಾಚಕನು ಬೆಚ್ಚುತ್ತಾನೆ. ಸಭೆ ಸಮಾರಂಭಗಳಲ್ಲಿ ಇದನ್ನು ಇಂಪಿಗೆಂದೇ ಹಾಡುವವರು ಈ ಬೆಚ್ಚುವಿಕೆಯನ್ನು ಅಳಿಸಿಬಿಡುವರೆಂಬುದು ಶೋಚನೀಯ.

ಕೂಸಿಗೆ ಕವಿತೆಯಲ್ಲಿ ದೊರೆತ ಸ್ಥಳ ಅತ್ಯಲ್ಪ. ಅದು ಇದ್ದಲ್ಲಿಯೇ ಇರಲಿ ಎಂದಷ್ಟೇ ಹೇಳಿ ತಂದೆಯು ಅತ್ತ ನೋಡುವದನ್ನೇ ಬಿಡುತ್ತಾನೆ. ಬೇನೆ ಯಾವದು, ಎಷ್ಟು ದಿನದ್ದು, ಜೀವ ಇನ್ನೂ ಇದೆಯೋ ಹೋಯಿತೋ, ಒಂದನ್ನೂ ಬಿಡಿಸಿ ಹೇಳಿಲ್ಲ. ಆದರೆ ವೈದ್ಯನು ರೋಗಿಯಾದ ಕೂಸಿನಲ್ಲಿ ಪರೀಕ್ಷಿಸುವ ಲಕ್ಷಣಗಳೆಲ್ಲ, ತುಟಿಯ ಬಣ್ಣ, ಮೋರೆಯ ಕಳೆ, ಕಣ್ಣಿನ ಹೊಳಪು, ಇಲ್ಲಿ ತಾಯಿಯ ಮುಖದ ಮೇಲೆ ಮೂಡಿವೆ. ಸಾವು ಕೈಯಾಡಿಸಿದ್ದನ್ನು ಅವನು ಕಾಣುವದು ಹೆಂಡತಿಯ ಹಣೆ, ಗಲ್ಲ, ಗದ್ದಗಳಲ್ಲಿ. ಕವಿತೆಯ ಜೀವಾಳವು ಇದೇ ಎನ್ನಬೇಕು. ಕೂಸಿನ ಬೇನೆಯನ್ನು ವರ್ಣಿಸಿದ್ದರೆ ಕರುಣೆ ಹುಟ್ಟುತ್ತಿತ್ತು. ಅದು ತಾಯಿಯೊಳಗೆ ಇಳಿದುದನ್ನು ತೋರಿಸಿದ್ದರಿಂದ ಭಯ ಹುಟ್ಟುತ್ತದೆ. ಹುಣ್ಣಿಮೆಯ ಚಂದ್ರನನ್ನು ಹಾಡುಹಗಲಲ್ಲಿ ತೇಲಿಬಂದ ಶವವಾಗಿ ಕಂಡ ಉಪಮೆಗೆ ಸಾಟಿಯಾದುದು ಹೊಸಗನ್ನಡದಲ್ಲಿ ಸುಲಭವಾಗಿ ಸಿಗಲಾರದು. ಆಕೆಯ ಕಣ್ಣಿಗೆ ಹೋಲಿಸಿದ ಕವಳಿಹಣ್ಣು ದಕ್ಷಿಣದ ವಾಚಕರಿಗೆ ಅಪರಿಚಿತವಿರಬಹುದು. ಕಲಘಟಗಿಯ ಕಡೆಯ ಅಡವಿಯಂಚಿನ ಮುಳ್ಳುಕಂಟಿಗಳಲ್ಲಿ ಬೇಸಿಗೆಗೆ ಕಪ್ಪಾಗಿ ಮಾಗುವ, ಕೊಯ್ದರೆ ಹಾಲು ಸೋರುವ ಕಿರುಹಣ್ಣು ಅದು.

ಇನ್ನೊಂದು ಮಾತು ಹೆಚ್ಚು ಧೈರ್ಯದ್ದು. ಗಂಡನೇ ದೇವರೆಂಬ ಗಾದೆಯನ್ನು ನಂಬಿ ಹೆಂಡತಿಯು ತನ್ನತ್ತ ನೋಡುತ್ತಿರುವಳೇನೋ ಎಂದು ಅವನು ಅಂಜುತ್ತಾನೆ. ತಾನು ದೇವರಲ್ಲವೆಂದು ಒಪ್ಪಿಕೊಳ್ಳುವ ಗಂಡಸಿನ ದನಿ ಇದು. ಗ್ರಂಥಸ್ಥ ಕನ್ನಡದಲ್ಲಿ ಈ ಒಪ್ಪಿಗೆಯು ಭಾಷಣವಾಗುತ್ತಿತ್ತು. ಗುಡಗೇರಿ, ಕುಂದಗೋಳ, ನವಲಗುಂದಗಳ ಮನೆಗಳಲ್ಲಿ ಒಲೆಯ ಮುಂದೆ ಕೇಳಿಬರುವ ಮಾತೇ ಆದುದರಿಂದ ಅದು ಪಿಸುದನಿಯಾಗಿ ಉಳಿಯಿತು.

ಕವಿತೆಯಲ್ಲಿ ವೈದ್ಯನಿಲ್ಲ, ಔಷಧವಿಲ್ಲ, ಎಲ್ಲವನ್ನೂ ದೈವಕ್ಕೆ ಬಿಟ್ಟಿದೆ ಎಂದು ಆಕ್ಷೇಪಿಸಬಹುದು. ಕಾಲವನ್ನು ಮರೆಯಬಾರದು. ಪೆನಿಸಿಲಿನ್ನು ಜನಸಾಮಾನ್ಯರಿಗೆ ದೊರೆತದ್ದು ಎರಡನೆಯ ಮಹಾಯುದ್ಧದ ತರುವಾಯ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ತೆರೆದದ್ದು ೧೯೫೭ರಲ್ಲಿ. ವಾಂತಿಭೇದಿಯಾದ ಕೂಸನ್ನು ಉಪ್ಪು-ಸಕ್ಕರೆಯ ನೀರು ಕುಡಿಸಿ ಉಳಿಸುವ ಕ್ರಮ ಹರಡಿದ್ದು ೧೯೭೦ರ ಈಚೆಗೆ. ಸಿಡುಬು ಭೂಮಿಯಿಂದ ತೊಲಗಿತೆಂದು ಸಾರಿದ್ದು ೧೯೮೦ರಲ್ಲಿ. ಕವಿತೆಯು ಇವೆಲ್ಲಕ್ಕೂ ಹಿಂದಿನದು. ಗುಡಗೇರಿಗೆ ರೈಲುನಿಲ್ದಾಣವಿದೆ, ಹುಬ್ಬಳ್ಳಿ ದೂರವಲ್ಲ. ಆದರೆ ಆಗ ಅಲ್ಲಿಗೆ ಮುಟ್ಟಿದರೂ ಎಷ್ಟೋ ಬೇನೆಗಳಿಗೆ ಮದ್ದೇ ಇರಲಿಲ್ಲ. ಇಂದು ಅನೇಕ ಕೂಸುಗಳು ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳುತ್ತವೆ. ಆದರೂ ಮಕ್ಕಳ ವಿಭಾಗದಲ್ಲಿ ಹಾಸಿಗೆಯ ಬದಿಗೆ ಕುಳಿತ ತಾಯಿ, ಬಾಗಿಲಾಚೆ ನಿಂತ ತಂದೆ, ಇವರ ನಡುವೆ ಹಾಯುವ ನೋಟವನ್ನು ಕಂಡವರು ಕವಿತೆ ಹಳತಾಯಿತೆಂದು ಹೇಳಲಾರರು.

ಕುಂದು ಎಣಿಸುವದಿದ್ದರೆ ತಾಯಿಯ ಮೌನವನ್ನು ಎಣಿಸಬೇಕು. ಚಂದ್ರಮತಿಗೆ ಮಾತುಂಟು; ಈಕೆಗೆ ಒಂದು ಸೊಲ್ಲೂ ಇಲ್ಲ, ಆಕೆಯ ಹುಚ್ಚುನಗೆಯನ್ನೂ ಗಂಡನ ಬಾಯಿಂದಲೇ ಕೇಳಬೇಕು. ನಗೆಯಿಂದ ದುಃಖವನ್ನು ಮರೆಸಬೇಡ, ಅತ್ತುಬಿಡು ಎಂದು ಅವನು ಕೊನೆಗೆ ಬೇಡಿಕೊಳ್ಳುತ್ತಾನೆ. ಆಕೆ ಅತ್ತಳೋ ಇಲ್ಲವೋ, ಕವಿತೆ ಮುಗಿದಾಗಲೂ ವಾಚಕರಿಗೆ ತಿಳಿಯುವದಿಲ್ಲ.