ಮೊದಲು ಕಬಿನಿ ಮಟ್ಟ ನೋಡಿ, ಆಮೇಲೆ ಟಿಕೆಟ್

ಬೇಸಿಗೆ ಸಫಾರಿಯ ವಿಚಾರದಲ್ಲಿ ನಮ್ಮಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಕಾಡು ನೋಡುವ ಕಾಲವೆಂದರೆ ಅಕ್ಟೋಬರಿನಿಂದ ಫೆಬ್ರವರಿ. ಆಮೇಲಿನದೆಲ್ಲ ಧೂಳು, ಸೆಕೆ, ದುಡ್ಡು ದಂಡ. ಇನ್ನೊಂದಕ್ಕೆ ಏಪ್ರಿಲ್-ಮೇ ಎಂದರೆ ಆನೆ ಹಿಂಡು ಹಿಂಡು, ಹುಲಿ ಗ್ಯಾರಂಟಿ. ಇಬ್ಬರೂ ಕ್ಯಾಲೆಂಡರ್ ನೋಡುತ್ತಾರೆ, ನೀರು ನೋಡುವುದಿಲ್ಲ. ಬೆಂಗಳೂರಿನ ತ್ಯಾಗರಾಜನಗರದಿಂದ ಕಬಿನಿಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹೊತ್ತು ಉಳಿದಿದೆ, ಖರ್ಚು ಉಳಿದಿಲ್ಲ. ಪೆಟ್ರೋಲು, ಟೋಲು, ಒಂದು ರಾತ್ರಿಯ ವಸತಿ, ಮನೆಮಂದಿಗೆಲ್ಲ ಸಫಾರಿ ಟಿಕೆಟ್, ಉದ್ದನೆಯ ಲೆನ್ಸ್ ಇದ್ದರೆ ಅದಕ್ಕೊಂದು ಶುಲ್ಕ. ಇಷ್ಟೆಲ್ಲ ಸುರಿಯುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಪ್ರಾಣಿಗಳನ್ನು ನೀರಂಚಿಗೆ ತಂದು ನಿಲ್ಲಿಸುವ ಕಾರಣ ಈ ವರ್ಷ ಇದೆಯೇ? ಇದ್ದರೆ ಕಡೇ ಸೀಸನ್ನಿನ ಟಿಕೆಟ್ಟಿಗೆ ಸಮನಾದದ್ದು ಇಡೀ ವರ್ಷದಲ್ಲಿ ಇನ್ನೊಂದಿಲ್ಲ. ಇಲ್ಲದಿದ್ದರೆ ಆ ದುಡ್ಡಿಗೆ ಮನೆಗೆ ನಾಲ್ಕು ಬುಟ್ಟಿ ಮಾವಿನ ಹಣ್ಣು ತರುವುದು ಲೇಸು.

ಅಮೆರಿಕದ ಬೇಟೆಗಾರರಿಗೂ ಇದೇ ತಲೆನೋವಿದೆ. ಮೊಂಟಾನ, ಕೊಲರಾಡೊ ಮುಂತಾದ ರಾಜ್ಯಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹೊಡೆಯಲು ಸರ್ಕಾರ ಟ್ಯಾಗ್ ಕೊಡುತ್ತದೆ. ಒಂದು ಟ್ಯಾಗಿಗೆ ಒಂದು ಪ್ರಾಣಿ. ಚಳಿಗಾಲಕ್ಕೆ ಸರಿಯುವ ಕಡೇ ಸೀಸನ್ನಿನ ಟ್ಯಾಗ್ ಕೊಳ್ಳುವುದೋ ಬಿಡುವುದೋ ಎಂಬ ಲೆಕ್ಕಾಚಾರ ಪೂರ್ತಿ ನಿಂತಿರುವುದು ಹಿಮದ ಮೇಲೆ. ಬೆಟ್ಟದ ಮೇಲೆ ಹಿಮ ದಪ್ಪಗೆ ಬಿದ್ದರೆ ಎಲ್ಕುಗಳು ಮೇವಿಗಾಗಿ ಕಣಿವೆಗೆ ಇಳಿಯುತ್ತವೆ. ಬೀಳದಿದ್ದರೆ ಅವು ಮೇಲೆಯೇ ಉಳಿಯುತ್ತವೆ, ಟ್ಯಾಗು ಜೇಬಿನಲ್ಲಿ ಉಳಿಯುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಕ್ರಮೇಣ ಶಿಕಾರಿಯ ಲೈಸೆನ್ಸಿನ ಕಥೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಪ್ರಾಣಿಯನ್ನು ಹುಡುಕುವ ಲೆಕ್ಕ ಬದಲಾಗಿಲ್ಲ. ಅಲ್ಲಿ ಹಿಮ ತಳ್ಳುತ್ತದೆ, ಇಲ್ಲಿ ಬರ ಎಳೆಯುತ್ತದೆ. ತಿಂಗಳು ಬಂತೆಂದ ಮಾತ್ರಕ್ಕೆ ಆ ಒತ್ತಡವೂ ಬರುತ್ತದೆ ಎಂದುಕೊಳ್ಳುವುದು ಎರಡೂ ದೇಶದ ಹೊಸಬರು ಮಾಡುವ ತಪ್ಪು.

ಕಬಿನಿಯಲ್ಲಿ ಆ ಸೆಳೆತ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ವಯನಾಡಿನ ಮಳೆಯಿಂದ ತುಂಬುವ ಈ ಜಲಾಶಯದ ಹಿನ್ನೀರು ನಾಗರಹೊಳೆ, ಬಂಡೀಪುರ ಎರಡೂ ಕಾಡುಗಳ ನಡುವೆ ನಾಲಿಗೆ ಚಾಚಿಕೊಂಡಿದೆ. ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ ಅಡಿ. ಬೇಸಿಗೆಯಲ್ಲಿ ಇಲ್ಲಿಂದ ಬಿಟ್ಟ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರಿ, ಶಿವ ಅಣೆಕಟ್ಟಿಗೆ ಬಂದು, ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಬೆಂಗಳೂರಿಗೆ ಏರುತ್ತದೆ. ಕೆ.ಆರ್.ಎಸ್. ಹೆಸರನ್ನೇ ಜಪಿಸುವ ನಮಗೆ ಇದು ನೆನಪಿರುವುದಿಲ್ಲ: ತ್ಯಾಗರಾಜನಗರದ ಸಂಪಿನೊಳಗೆ ಬೀಳುವ ಕಾವೇರಿ ನೀರಿನಲ್ಲಿ ಕಬಿನಿಯ ಪಾಲೂ ಇದೆ. ನಾವು ಕುಡಿದಷ್ಟೂ, ಗದ್ದೆಗಳು ಕುಡಿದಷ್ಟೂ, ಬಿಸಿಲು ಹೀರಿದಷ್ಟೂ ಹಿನ್ನೀರು ಹಿಂದೆ ಸರಿಯುತ್ತದೆ. ನೆಲ ಇಳಿಜಾರಿಲ್ಲದೆ ಚಪ್ಪಟೆಯಾಗಿರುವ ಕಡೆ ಮಟ್ಟ ಒಂದೊಂದು ಅಡಿ ಇಳಿದಾಗಲೂ ಅಗಲವಾದ ಬಯಲೇ ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಅಲ್ಲಿ ಹಳ್ಳಿಗಳಿದ್ದವು, ಹೊಲಗಳಿದ್ದವು, ಕಾಡಿತ್ತು. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಹೊಳೆಯ ತಾಣವೂ ಅಲ್ಲೇ ಮುಳುಗಿದೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಹಿಂಡುಗಟ್ಟಲೆ ಆನೆಗಳನ್ನು ಹೊಳೆಗೆ ಅಟ್ಟಿ ಹಿಡಿಯಲು ಮೈಸೂರಿನವರು ಇದೇ ಜಾಗವನ್ನು ಆರಿಸಿಕೊಂಡಿದ್ದರು ಎಂದರೆ, ಆನೆಗಳಿಗೆ ಈ ಹೊಳೆಯ ನಂಟು ಅಣೆಕಟ್ಟೆಗಿಂತ ಹಳೆಯದು.

ಆನೆ ಬರುವುದು ಬರೀ ನೀರಿಗಾಗಿ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ದೊಡ್ಡ ಆನೆಗೆ ದಿನಕ್ಕೆ ನೂರು ಲೀಟರಿಗೂ ಮೀರಿ ನೀರು ಬೇಕು ನಿಜ, ಆದರೆ ಕುಡಿದು ಹೋಗಲು ಅರ್ಧ ಗಂಟೆ ಸಾಕು. ಗಂಟೆಗಟ್ಟಲೆ ಬಯಲಿನಲ್ಲಿ ನಿಲ್ಲಿಸುವುದು ಹುಲ್ಲು. ಮಾರ್ಚ್ ದಾಟುವಾಗ ಕಾಡಿನೊಳಗಿನ ಹುಲ್ಲು ಒಣಗಿ ಒರಟಾಗಿ ಸತ್ವ ಕಳೆದುಕೊಂಡಿರುತ್ತದೆ, ಕೆಲವೆಡೆ ಬೆಂಕಿಗೂ ಹೋಗಿರುತ್ತದೆ. ನೀರು ಈಗಷ್ಟೇ ಬಿಟ್ಟುಕೊಟ್ಟ ಒದ್ದೆ ಮೆಕ್ಕಲಿನಲ್ಲಿ ಮಾತ್ರ ಗೇಣುದ್ದವೂ ಇಲ್ಲದ ಎಳೆ ಹುಲ್ಲು ಏಳುತ್ತದೆ. ಅಷ್ಟು ಗಿಡ್ಡ ಹುಲ್ಲನ್ನು ಸೊಂಡಿಲಿನಿಂದ ಕೀಳಲು ಬರುವುದಿಲ್ಲವಲ್ಲ. ಆನೆ ಮುಂಗಾಲಿನ ಉಗುರಿನಿಂದ ನೆಲವನ್ನು ಮೆಲ್ಲಗೆ ಒದ್ದು ಬೇರು ಸಡಿಲಿಸುತ್ತದೆ, ಸೊಂಡಿಲಿನ ತುದಿಯಿಂದ ಗುಡ್ಡೆ ಮಾಡಿ ಸುತ್ತಿಕೊಳ್ಳುತ್ತದೆ, ಮೊಣಕಾಲಿಗೆ ಎರಡು ಬಾರಿ ಬಡಿದು ಮಣ್ಣು ಉದುರಿಸಿ ಬಾಯಿಗೆ ಹಾಕುತ್ತದೆ. ತಾಯಿಯ ಪಕ್ಕ ನಿಂತ ಮರಿ ಇದನ್ನೇ ಮಾಡಹೋಗಿ ಹುಲ್ಲನ್ನೆಲ್ಲ ಚೆಲ್ಲಿ ಮಣ್ಣನ್ನು ತನ್ನ ತಲೆಗೇ ಸುರಿದುಕೊಳ್ಳುತ್ತದೆ. ಹುಲಿ ಸಿಗಲಿಲ್ಲವೆಂದು ಮುಖ ಸಿಂಡರಿಸಿಕೊಂಡು ಬರುವವರು ಇದನ್ನು ಐದು ನಿಮಿಷ ನೋಡಿರುವುದಿಲ್ಲ. 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರದ ಸುತ್ತ ಆನೆಗಳನ್ನು ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಕಂಡುಕೊಂಡದ್ದೂ ಇದೇ ಬಗೆಯದು: ಒಣ ಕಾಲದಲ್ಲಿ ಆನೆಗಳು ನದಿ ಕಣಿವೆಗಳಲ್ಲಿ ಒತ್ತಾಗಿ ಸೇರುತ್ತವೆ, ಮಳೆ ಬಿದ್ದೊಡನೆ ಹರಡಿಕೊಳ್ಳುತ್ತವೆ. 2023ರ ಗಣತಿಯ ಪ್ರಕಾರ ಬಂಡೀಪುರದಲ್ಲಿ 1,116, ನಾಗರಹೊಳೆಯಲ್ಲಿ 831 ಆನೆಗಳು. ಡಿಸೆಂಬರಿನಲ್ಲೂ ಮೇ ತಿಂಗಳಲ್ಲೂ ಈ ಸೀಮೆಯ ಆನೆಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಹೆಚ್ಚುವುದು ನಿಮ್ಮ ಕಣ್ಣಿಗೆ ಬೀಳುವ ಪಾಲು.

ಬಂಡೀಪುರವೋ ಕಬಿನಿಯೋ ಎಂಬ ಪ್ರಶ್ನೆಯೂ ಇಲ್ಲೇ ತೀರುತ್ತದೆ. ಬಂಡೀಪುರದ ಬೇಸಿಗೆ ಸಫಾರಿ ಕೆರೆಕಟ್ಟೆಗಳನ್ನು ನಂಬಿಕೊಂಡದ್ದು; ಹಲವು ಕೆರೆಗಳಿಗೆ ಸೋಲಾರ್ ಬೋರ್‌ವೆಲ್‌ಗಳಿಂದ ನೀರು ತುಂಬಿಸುತ್ತಾರೆ. ಒಣಗಿದ ವಾರದಲ್ಲಿ ಒಂದು ಕೆರೆಯ ಮುಂದೆ ಕಾದರೆ ಕಾಟಿ, ಆನೆ, ಚಿರತೆ ಸರದಿಯಲ್ಲಿ ಬಂದಾವು. ಆದರೆ ಒಂದೇ ಒಂದು ಜೋರು ಮಳೆ ಸುರಿದರೆ ಕಾಡಿನ ಪ್ರತಿ ಹಳ್ಳದಲ್ಲೂ ನೀರು, ಹತ್ತೇ ದಿನದಲ್ಲಿ ಎಲ್ಲೆಲ್ಲೂ ಚಿಗುರು, ಕೆರೆಯ ಮುಂದೆ ಖಾಲಿ ಜೀಪು. ಭರಣಿ ಮಳೆ ಸುರಿದರೆ ರೈತನಿಗೆ ಹಿಗ್ಗು, ಬಂಡೀಪುರಕ್ಕೆ ಟಿಕೆಟ್ ತೆಗೆದವನಿಗೆ ಕುಗ್ಗು. ಕಬಿನಿಯಲ್ಲಿ ಅದೇ ಮಳೆಯ ಏಟು ಅಷ್ಟು ತಟ್ಟುವುದಿಲ್ಲ. ಹಿಂಡುಗಳು ನಾಲ್ಕಾರು ದಿನ ಒಳಗೆ ಚದುರಿದರೂ ಹಿನ್ನೀರಿನ ಬಯಲು ಹಾಗೇ ಇರುತ್ತದೆ, ಹುಲ್ಲು ಇನ್ನಷ್ಟು ಏಳುತ್ತದೆ, ಬಿಸಿಲು ಮರಳಿದೊಡನೆ ಆನೆಗಳೂ ಮರಳುತ್ತವೆ. ಆ ಬಯಲು ಮುಳುಗಬೇಕಾದರೆ ವಯನಾಡಿನಲ್ಲಿ ಮುಂಗಾರು ಹಿಡಿದು ಹೊಡೆಯಬೇಕು. ಹಾಗಾಗಿ ಮಳೆಯ ಜೂಜಿಗೆ ಇಳಿಯುವವರು ಕಬಿನಿಯ ಪರವಾಗಿ ಹಣ ಹೂಡುವುದು ಜಾಣತನ.

ಆ ಜೂಜನ್ನೂ ಕಣ್ಣು ಮುಚ್ಚಿಕೊಂಡು ಆಡಬೇಕಾಗಿಲ್ಲ. ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಮಂಡ್ಯದ ರೈತರು ನೋಡುವ ಆ ಚಿಕ್ಕ ಚೌಕವನ್ನು ಸಫಾರಿಗೆ ಹೋಗುವವರು ನೋಡುವುದಿಲ್ಲ. ಯುಗಾದಿಯ ಹೊತ್ತಿನಿಂದ ಕಬಿನಿಯ ಸಾಲನ್ನು ಗಮನಿಸುತ್ತ ಬನ್ನಿ. 2,284ರಿಂದ ಮಟ್ಟ ವಾರ ವಾರವೂ ಕೆಳಗಿಳಿಯುತ್ತಿದ್ದರೆ, ಒಳಹರಿವು ನಾಮಕಾವಸ್ತೆಗಷ್ಟೇ ಇದ್ದರೆ, ಬಯಲು ಅಗಲವಾಗುತ್ತಿದೆ ಎಂದರ್ಥ. ಒಳಹರಿವು ಹೊರಹರಿವನ್ನು ಮೀರಿದ ದಿನ ಸೀಸನ್ನು ಮುಗಿಯಿತು, ಪಂಚಾಂಗ ಏನೇ ಹೇಳಲಿ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವಾದ ಮೇಲೆ ಬಂದ 2024ರ ಬೇಸಿಗೆ ಬೆಂಗಳೂರಿಗೆ ಟ್ಯಾಂಕರ್ ಬೇಸಿಗೆ. ಕಾಡಿನ ಕೆರೆಗಳೂ ಬತ್ತಿದ್ದವು. ಮರುವರ್ಷ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ರೋಹಿಣಿ ಮಳೆಯ ಹೊತ್ತಿಗೆ ಹೋಗೋಣವೆಂದು ಕಾದವರಿಗೆ ಸಿಕ್ಕಿದ್ದು ಮೋಡ. ಒಂದೇ ತಿಂಗಳು, ಎರಡು ಬೇರೆ ಬೇರೆ ಕಾಡು. ನನ್ನ ಆಯ್ಕೆ ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೇ ವಾರ. ಅದಕ್ಕೂ ತಡ ಮಾಡಿದರೆ ಬಯಲು ದೊಡ್ಡದಾಗುತ್ತದೆ ನಿಜ, ಅಪಾಯವೂ ದೊಡ್ಡದಾಗುತ್ತದೆ.

ಕಾಡೆಂದರೆ ಹಸಿರು, ಬೋಳು ಮರಗಳನ್ನು ನೋಡಲು ಅಷ್ಟು ದೂರ ಏಕೆ ಎಂಬ ಆಕ್ಷೇಪವಿದೆ. ಹಸಿರೇ ಬೇಕಾದವರು ಸೆಪ್ಟೆಂಬರಿನಲ್ಲಿ ಹೋಗಲಿ, ಅದು ಬೇರೆಯೇ ಸುಖ. ಆದರೆ ನೋಡುವುದಕ್ಕೆ ಅಡ್ಡ ಬರುವುದೂ ಆ ಹಸಿರೇ. ತೇಗ, ಮತ್ತಿ, ದಿಂಡಿಲು ಎಲೆ ಉದುರಿಸಿ ನಿಂತಾಗ ಕಣ್ಣು ಹೋಗುವಷ್ಟು ದೂರ ಮಳೆಗಾಲದಲ್ಲಿ ಹೋಗುವುದಿಲ್ಲ. ಕೊಂಬಿನ ಗಂಡು ಕಡವೆಯನ್ನು ನೋಡಲೇಬೇಕು ಎಂಬವರ ತಕರಾರು ಮಾತ್ರ ಸರಿಯಾದದ್ದು. ಕಡವೆಗೆ ಬೆದೆಗಾಲ ಚಳಿಗಾಲ. ಬೇಸಿಗೆಯ ಹೊತ್ತಿಗೆ ಬಹುಪಾಲು ಗಂಡುಗಳು ಕೊಂಬು ಉದುರಿಸಿಕೊಂಡಿರುತ್ತವೆ, ಇಲ್ಲವೇ ಮೃದು ತೊಗಲಿನ ಹೊಸ ಕೊಂಬು ಹೊತ್ತು ಸಂಕೋಚದಿಂದ ತಿರುಗುತ್ತಿರುತ್ತವೆ. ಕೊಂಬು ಬೇಕಾದವರು ಡಿಸೆಂಬರಿನಲ್ಲೇ ಹೋಗಬೇಕು. ಚುಕ್ಕೆ ಜಿಂಕೆಯದು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು: ಬೇಸಿಗೆಯಲ್ಲೇ ಗಟ್ಟಿ ಕೊಂಬು, ಕೂಗಾಟ, ಕಾದಾಟ. ಇನ್ನು ಹುಲಿ. 2022ರ ಅಂದಾಜಿನಲ್ಲಿ ನಾಗರಹೊಳೆಗೆ 141, ಬಂಡೀಪುರಕ್ಕೆ 150. ಸೆಕೆ ತಾಳದೆ ಹುಲಿ ನೀರಿಗೆ ಬೆನ್ನು ಹಾಕಿ ಹಿಂಗಾಲಿನಿಂದ ಇಳಿದು ಕುಳಿತುಕೊಳ್ಳುವ ಕಾಲ ಇದೇ. ಕಾಣುವ ಸಾಧ್ಯತೆ ಹೆಚ್ಚು, ಗ್ಯಾರಂಟಿ ಸುಳ್ಳು. ಗ್ಯಾರಂಟಿ ಕೊಡುವ ರೆಸಾರ್ಟನ್ನು ಬಿಟ್ಟು ಬೇರೆ ನೋಡಿಕೊಳ್ಳಿ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬಾಯಾರಿದ ಪ್ರಾಣಿಯ ಇಕ್ಕಟ್ಟನ್ನು ನಾವು ಮೋಜಿಗೆ ಬಳಸಿಕೊಳ್ಳುತ್ತಿದ್ದೇವೆ ಎಂಬುದು. ಹಳೆಯ ಶಿಕಾರಿಗಳೂ ಬೇಸಿಗೆಯಲ್ಲಿ ನೀರಿನ ಪಕ್ಕವೇ ಅಟ್ಟಣೆ ಕಟ್ಟುತ್ತಿದ್ದರು. ಇದಕ್ಕೆ ಕ್ಯಾಮೆರಾ ಹಿಡಿದವರು ಕೊಲ್ಲುವುದಿಲ್ಲ ಎಂದುಬಿಟ್ಟರೆ ಉತ್ತರವಾಗುವುದಿಲ್ಲ. ಮಾತು ಪ್ರಾಣಿಗಳಿಗಷ್ಟೇ ನಿಲ್ಲುವುದಿಲ್ಲ, ಜನರಿಗೂ ತಟ್ಟುತ್ತದೆ. ಕಾಡಂಚಿನ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ, ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಕ್ಕೆ ಹಚ್ಚಿತು. ಸಫಾರಿ ವಾಹನಗಳ ಗದ್ದಲವೇ ಪ್ರಾಣಿಗಳನ್ನು ಊರಿನ ಕಡೆ ಓಡಿಸುತ್ತಿದೆ ಎಂದು ರೈತ ಸಂಘಟನೆಗಳು ದೂರುತ್ತಿದ್ದವು. ಹುಲಿ ಊರಿಗೆ ಬರಲು ಕಾರಣ ಹಲವು, ಎಲ್ಲವನ್ನೂ ಜೀಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಆದರೆ ಸಫಾರಿ ನಮ್ಮ ಹಕ್ಕು ಎಂಬ ಧಾಟಿಯ ಗೊಣಗಾಟಕ್ಕೂ ಅರ್ಥವಿಲ್ಲ. ಕಾಡಂಚಿನಲ್ಲಿ ಬದುಕುವವರ ಜೀವದ ಮುಂದೆ ನಮ್ಮ ವಾರಾಂತ್ಯ ಎಷ್ಟರದು? ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಯೇ ರೂಮಿಗೆ ಮುಂಗಡ ಕೊಡಿ. ನಡೆಯುತ್ತಿದ್ದರೆ, ಬಾಯಾರಿದ ಪ್ರಾಣಿಯ ಆ ಆಕ್ಷೇಪಕ್ಕೆ ಕೊಡಬಹುದಾದ ಪ್ರಾಮಾಣಿಕ ಉತ್ತರ ನೀವು ಆರಿಸುವ ವಾಹನದಲ್ಲಿದೆ.

ಜೀಪು ಹಿಂಡಿಗೂ ನೀರಿಗೂ ನಡುವೆ ಬಂದು ನಿಂತರೆ ಆನೆ ಕುಡಿಯದೆ ಹಿಂದಿರುಗಬಹುದು. ಕಿವಿ ಅಗಲಿಸಿ ತಲೆ ಎತ್ತಿದ ಹೆಣ್ಣಾನೆ ಫೋಟೋಗೆ ಚೆಂದ, ಅದು ಅವಳ ಸಿಟ್ಟು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹಿನ್ನೀರಿನ ದೋಣಿ ಸಫಾರಿಯಲ್ಲಿ ಈ ತೊಡಕು ಕಡಿಮೆ. ಪ್ರಾಣಿಯ ಬೆನ್ನಿಗೆ ಕಾಡು ತೆರೆದೇ ಇರುತ್ತದೆ, ಬೇಡವೆನಿಸಿದರೆ ತಿರುಗಿ ನಡೆದರಾಯಿತು. ಎಂಜಿನ್ ಆರಿಸಿದ ದೋಣಿಯಿಂದ ಹುಲ್ಲು ಬಡಿಯುವ ಸದ್ದೂ ಕೇಳುತ್ತದೆ. ಇಡೀ ಬಯಲು ಒಂದೇ ನೋಟಕ್ಕೆ ಸಿಗುವುದೂ ನೀರಿನ ಕಡೆಯಿಂದಲೇ. ನೀರು ತೀರಾ ಇಳಿದ ವರ್ಷ ದೋಣಿಯ ಹಾದಿ ಕಿರಿದಾಗುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು. ಒಂದೇ ಟಿಕೆಟ್ಟಿಗೆ ದುಡ್ಡಿದ್ದರೆ ಸಂಜೆಯ ದೋಣಿಗೆ ಹಾಕಿ, ಅದೂ ವಾರದ ನಡುವೆ. ಶಾಲೆಗಳ ರಜೆಯ ಶನಿವಾರ-ಭಾನುವಾರ ಅಲ್ಲಿನ ಗಲಾಟೆ ಗಾಂಧಿ ಬಜಾರಿನ ಹಬ್ಬದ ಮುಂಚಿನ ದಿನದಂತೆ. ಟಿಕೆಟ್ ಸಿಗಲೇ ಇಲ್ಲವೆಂದರೆ ಲಕ್ಕವಳ್ಳಿಗೆ ಹೋಗಬಹುದು. ಭದ್ರಾ ಜಲಾಶಯದಲ್ಲೂ ಬೇಸಿಗೆಗೆ ನೀರಿಳಿದು ನಡುಗಡ್ಡೆಗಳು ಮೇಲೇಳುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಬರಿ ನೆಲಕ್ಕೇ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಅಲ್ಲಿಯೂ ಲೆಕ್ಕ ಇದೇ, ಪತ್ರಿಕೆಯ ಅದೇ ಚೌಕದಲ್ಲಿ ಕಬಿನಿಯ ಬದಲು ಭದ್ರಾದ ಸಾಲು ಓದಬೇಕು.