ವಿಮರ್ಶೆಯೂ ರಸವಾದ ವಾರಪತ್ರಿಕೆ

ಪುಸ್ತಕದ ಬಗ್ಗೆ ಬರೆದದ್ದು ಪುಸ್ತಕದಷ್ಟೇ ರುಚಿಸುವುದು ಅಪರೂಪ. ಆ ಸುಖವನ್ನು ನನಗೆ ಮನದಣಿಯೆ ಉಣಿಸಿದ್ದು ನ್ಯೂಯಾರ್ಕಿನ ‘ದಿ ಲಿಟರರಿ ವರ್ಲ್ಡ್’. 1847ರ ಫೆಬ್ರುವರಿಯಲ್ಲಿ ಶುರುವಾಗಿ 1853ರ ಕೊನೆಯವರೆಗೆ ನಡೆದ ಈ ವಾರಪತ್ರಿಕೆಗೆ ಹೊಸ ಪುಸ್ತಕಗಳೇ ದೊಡ್ಡ ಸುದ್ದಿ. ಮೊದಲ ಸಂಪಾದಕ ಎವರ್ಟ್ ಡೈಕಿಂಕ್ ಕೆಲವೇ ತಿಂಗಳಲ್ಲಿ ಹೊರಬೀಳಬೇಕಾಯಿತು. ಆದರೆ ಮುಂದಿನ ವರ್ಷವೇ ತಮ್ಮ ಜಾರ್ಜ್ ಜೊತೆಗೂಡಿ ಪತ್ರಿಕೆಯನ್ನೇ ಕೊಂಡುಕೊಂಡು ಮರಳಿದ. ಪುಸ್ತಕವೆಂದರೆ ಜೀವ ಬಿಡುವ ಆಸಾಮಿ. ಅವನ ಮನೆಯ ಕಪಾಟುಗಳಿಂದ ಪುಸ್ತಕ ಕಡ ಒಯ್ಯುತ್ತಿದ್ದವರಲ್ಲಿ ತರುಣ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಒಬ್ಬ.

1850ರ ಮಾರ್ಚಿನಲ್ಲಿ ಮೆಲ್ವಿಲ್ ಈ ಪತ್ರಿಕೆಗೆ ಬರೆದ ಪುಟ್ಟ ವಿಮರ್ಶೆಯೊಂದಿದೆ. ಕೈಗೆ ಬಂದದ್ದು ಕೂಪರನ ಕಡಲ ಕಾದಂಬರಿ ‘ದಿ ರೆಡ್ ರೋವರ್’ನ ಹೊಸ ಮುದ್ರಣ. ಈ ರಸಿಕ ಕಥೆಯ ಗೋಜಿಗೇ ಹೋಗದೆ ರಟ್ಟನ್ನು ನೇವರಿಸುತ್ತಾ ಕೂತುಬಿಟ್ಟ! ಕಡಲ್ಗಳ್ಳನ ಕಥೆಗೆ ಕಾಡಿಗೆಗಪ್ಪು ಹೊದಿಕೆ ಒಪ್ಪೀತು, ಅಂಚಿಗೆ ಕೆಂಪು ಗೆರೆ ಇರಲಿ ಎಂದ. ಬೇಡ, ಗೆರೆ ತೆಗೆದು ಬೆನ್ನಿನ ಮೇಲೆ ನೆತ್ತರುಗೆಂಪಿನ ಬಾವುಟದ ಬಟ್ಟೆಯದೊಂದು ಚೌಕ ಅಂಟಿಸಿ, ಅದರ ಮೇಲೆ ಹೆಸರು ಅಚ್ಚಾಗಲಿ ಎಂದು ಮನಸ್ಸು ಬದಲಿಸಿದ. ಆ ತುಂಟ, ತೂಗಿ ತೂಗಿ ಆರಿಸುವ ಗಾಂಭೀರ್ಯ ಎಷ್ಟು ಸೊಗಸು!

ಅದೇ ವರ್ಷದ ಆಗಸ್ಟ್ 5ರಂದು ಮ್ಯಾಸಚೂಸೆಟ್ಸಿನ ಮಾನ್ಯುಮೆಂಟ್ ಬೆಟ್ಟ ಹತ್ತಿದ ಗುಂಪಿನಲ್ಲಿ ಮೆಲ್ವಿಲ್, ಡೈಕಿಂಕ್, ಕಥೆಗಾರ ಹಾಥಾರ್ನ್ ಇದ್ದರು. ಗುಡುಗು ಮಳೆ ಬಂತು, ಷಾಂಪೇನ್ ಹರಿಯಿತು. ಅದೇ ತಿಂಗಳ 17 ಮತ್ತು 24ರ ಸಂಚಿಕೆಗಳಲ್ಲಿ ಹಾಥಾರ್ನನ ನಾಲ್ಕು ವರ್ಷ ಹಳೆಯ ಕಥಾಸಂಕಲನದ ಮೇಲೆ ಲೇಖನವೊಂದು ಬಂತು. ಬರೆದವನು ವರ್ಮಾಂಟಿನಲ್ಲಿ ಜುಲೈ ಕಳೆಯುತ್ತಿರುವ ವರ್ಜೀನಿಯಾದವನಂತೆ. ಹಾಥಾರ್ನನನ್ನು ಕಂಡೇ ಇಲ್ಲವಂತೆ! ಮುಸುಕಿನ ಹಿಂದೆ ಇದ್ದವನು ಮೆಲ್ವಿಲ್.

ಆ ಬರಹದೊಳಕ್ಕೆ ಮೆಲ್ಲಗೆ ಇಳಿಯಬೇಕು. ಹೊಸದಾಗಿ ಕೊಯ್ದ ಹುಲ್ಲಿನ ಮೆದೆ, ಕಣಜದ ಅಗಲ ಬಾಗಿಲಿನಿಂದ ತೂರಿ ಬರುವ ಬೆಟ್ಟದ ಗಾಳಿ, ಅಲ್ಲಿ ಮೈಚಾಚಿ ಓದುತ್ತಿರುವ ಒಬ್ಬ ಸುಖಜೀವಿ. ಮೊದಮೊದಲು ಎಲ್ಲವೂ ಎಳೆಬಿಸಿಲು. ಆಮೇಲೆ, ಹಾಥಾರ್ನನ ಆ ಬಿಸಿಲಿನ ಹಿಂಬದಿಯಲ್ಲಿ ಕವಿದಿರುವ ಗಾಢ ಕತ್ತಲು ಅವನ ಕಣ್ಣಿಗೆ ಬೀಳುತ್ತದೆ. ಮಾತು ಶೇಕ್ಸ್‌ಪಿಯರನವರೆಗೆ ಏರುತ್ತದೆ. ನಡುವೆ ಒಂದಿಡೀ ದಿನ ಕಳೆದು, ಮತ್ತೆ ಮೆದೆಯಿಂದ ಎದ್ದುಬಂದು ಬರೆಯುತ್ತಾನೆ. ಮೆಚ್ಚುಗೆ ಇನ್ನೂ ಏರುತ್ತಲೇ ಇದೆ. ವಿಮರ್ಶಕ ನಮ್ಮೆದುರೇ ಮರುಳಾಗುತ್ತಿದ್ದಾನೆ, ಹದವಾಗಿ, ಒಂದೊಂದೇ ಮೆಟ್ಟಿಲು.

ಮರುವರ್ಷ ಮೆಲ್ವಿಲ್‌ನ ತಿಮಿಂಗಿಲದ ಕಾದಂಬರಿ ‘ಮೋಬಿ ಡಿಕ್’ ಹಾಥಾರ್ನನಿಗೇ ಅರ್ಪಿತವಾಗಿ ಹೊರಬಂತು. ಪತ್ರಿಕೆಯ ವಿಮರ್ಶೆಯಲ್ಲಿ ಡೈಕಿಂಕ್ ತಿಮಿಂಗಿಲವನ್ನು ಮೆಚ್ಚಿದ, ಧರ್ಮದ ವಿಷಯದ ಸಲಿಗೆಗೆ ಮುಖ ಗಂಟಿಕ್ಕಿದ. 1852ರ ಫೆಬ್ರುವರಿಯಲ್ಲಿ ಮೆಲ್ವಿಲ್ ಪತ್ರಿಕೆಯ ಚಂದಾ ನಿಲ್ಲಿಸಿದ.

ನೀವು ರಟ್ಟಿನ ಲೇಖನದಿಂದಲೇ ಶುರುಮಾಡಿ, ನಾಲಿಗೆ ಹದವಾಗುತ್ತದೆ. ಹಾಥಾರ್ನನ ಮೇಲಿನದನ್ನು ಮಾತ್ರ ಒಂದೇ ಪಟ್ಟಿಗೆ ಮುಗಿಸಬೇಡಿ. ಅಂದಿನ ಚಂದಾದಾರರಂತೆ ಅರ್ಧ ಓದಿ, ಒಂದು ವಾರ ತಡೆದು, ಉಳಿದರ್ಧ ತೆರೆಯಿರಿ.